ಅಟ್ಟಕ್ಕೆ ಹಾಕಿದ ಕಾಯಿ

ನಮ್ಮ ಕೊಟ್ಟಿಗೆಯ ಪಕ್ಕದ ಹುಲ್ಲಿನ ಮೆದೆಗೆ ಒಂದು ಹಳೆಯ ಫ್ಲೆಕ್ಸ್ ಹೊದಿಸಿದ್ದೇವೆ. ಅದರಲ್ಲಿ ಅವಳ ಮುಖವಿದೆ. ಇದೆ ಅನ್ನುವುದಕ್ಕಿಂತ ಇತ್ತು ಅನ್ನಬೇಕು. ಎರಡು ಬೇಸಿಗೆಯ ಬಿಸಿಲಿಗೆ ಕಣ್ಣು, ಮೂಗು ಎಲ್ಲ ಮಾಸಿ, ಈಗ ಅವಳ ಕೈಯಲ್ಲಿರುವ ಜೋಳದ ರೊಟ್ಟಿ ಮಾತ್ರ ಚೆನ್ನಾಗಿ ಕಾಣುತ್ತದೆ. ದಿನಾ ಬೆಳಿಗ್ಗೆ ಹಸುಗಳಿಗೆ ಹುಲ್ಲು ಹಿರಿಯಲು ಹೋದಾಗ ಅದರ ಒಂದು ಮೂಲೆ ಎತ್ತಬೇಕು. ಎತ್ತುವಾಗ ನಾನು ಬೇರೆ ಕಡೆ ನೋಡುತ್ತೇನೆ. ಪ್ಲಾಸ್ಟಿಕ್ಕಿಗೆ ನಾಚಿಕೊಳ್ಳುವ ಹೆಂಗಸು ತುರುವೇಕೆರೆ ತಾಲ್ಲೂಕಿನಲ್ಲಿ ನಾನೊಬ್ಬಳೇ ಇರಬೇಕು.

ನಾಲೆ ಕೆಲಸಕ್ಕೆ ಅಂತ ರಾಯಚೂರಿನ ಕಡೆಯಿಂದ ಜನ ಬಂದಾಗ ಅವಳೂ ಗಂಡನ ಜೊತೆ ಬಂದಿದ್ದಳು. ಕೆಲಸ ಮುಗಿದು ಉಳಿದವರು ಗಂಟುಮೂಟೆ ಕಟ್ಟಿಕೊಂಡು ಹೊರಟರೂ ಇವರಿಬ್ಬರು ನಮ್ಮ ತೋಟದ ಪಂಪ್‌ಹೌಸಿನ ಪಕ್ಕದ ಶೆಡ್ಡಿನಲ್ಲಿ ಉಳಿದುಕೊಂಡರು. ಗಂಡ ನೀರು ಕಟ್ಟುತ್ತಿದ್ದ, ಗುಂಡಿ ತೆಗೆಯುತ್ತಿದ್ದ. ಇವಳು ನನ್ನ ಜೊತೆ ಕಾಯಿ ಆಯುವುದು, ಗರಿ ಎಳೆದು ಹಾಕುವುದು, ಹಸು ನೋಡಿಕೊಳ್ಳುವುದು ಮಾಡುತ್ತಿದ್ದಳು. ಹಾಗೇ ಮೂರು ವರ್ಷ ಕಳೆಯಿತು. ಮುದ್ದೆ ಉಣ್ಣುವ ಊರಿನಲ್ಲಿ ಸಂಜೆಯಾದರೆ ಪಟಪಟ ಅಂತ ರೊಟ್ಟಿ ಬಡಿಯುತ್ತಿದ್ದವಳು ಅವಳೊಬ್ಬಳೇ. ಅದಕ್ಕೆ ಊರಿನವರು ಅವಳಿಗೆ ರೊಟ್ಟಿಯವಳು ಅಂತಲೇ ಹೆಸರಿಟ್ಟಿದ್ದರು.

ನನಗೆ ಒಡಹುಟ್ಟಿದವರಿಲ್ಲ. ಮದುವೆಯಾಗಿ ಈ ಮನೆಗೆ ಬಂದ ಮೇಲೆ ಜಗಳಕ್ಕೆ ಅತ್ತೆ ಇದ್ದರು, ಸುಮ್ಮನಿರುವುದಕ್ಕೆ ಗಂಡ ಇದ್ದರು. ನಗುವುದಕ್ಕೆ ಯಾರೂ ಇರಲಿಲ್ಲ. ಅವಳು ಬಂದ ಮೇಲೆ ಆ ಕೊರತೆ ತೀರಿತು. ನಾನು ಕಾಯಿ ತುರಿಯಲು ಕೂತರೆ ಸಾಕು, ಬಾಗಿಲಲ್ಲಿ ನಿಂತು ಶುರು ಮಾಡುತ್ತಿದ್ದಳು.

"ಸಾರಿಗೂ ಕಾಯಿ, ಪಲ್ಯಕ್ಕೂ ಕಾಯಿ, ಉಪ್ಪಿಟ್ಟಿಗೂ ಕಾಯಿ, ತಲೀಗೂ ಅದರದ ಎಣ್ಣಿ. ಕಾಯಿ ಇಲ್ಲಂದ್ರ ನಿಮ್ಮೂರಾಗ ಮಂದಿಗೆ ಉಸಿರಾಡಾಕೂ ಬರಂಗಿಲ್ಲೇನ್ರಿ ಅಕ್ಕಾರ?"

"ನಿನ್ನ ರೊಟ್ಟಿ ತಿಂದೋರು ದವಡೆ ರಿಪೇರಿಗೆ ತಿಪಟೂರಿಗೆ ಹೋಗ್ಬೇಕು. ಸುಮ್ನಿರು ಕಣೇ," ಅನ್ನುತ್ತಿದ್ದೆ.

ಅವಳಿಗೆ ನಮ್ಮ ಅಟ್ಟ ಒಂದು ದೊಡ್ಡ ಸೋಜಿಗವಾಗಿತ್ತು. ನಮ್ಮ ಸೀಮೆಯಲ್ಲಿ ಮರದಿಂದ ಕೆಡವಿದ ಕಾಯಿಯನ್ನು ಹಾಗೇ ಮಾರುವುದಿಲ್ಲ. ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ಒಂದು ವರ್ಷ ಬಿಡುತ್ತೇವೆ. ಒಳಗಿನ ನೀರೆಲ್ಲ ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆ ಕೊಬ್ಬರಿ ಆಗುತ್ತದೆ. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಲೊಡಲೊಡ ಅನ್ನಬೇಕು, ಆಗ ಇಳಿಸಬೇಕು. ಅವಳು ಏಣಿ ಹತ್ತಿ ಒಂದೊಂದೇ ಕಾಯಿ ಅಲ್ಲಾಡಿಸಿ ನೋಡುತ್ತಿದ್ದಳು. ಒಂದು ಸಲ ಅಟ್ಟದ ಮೇಲಿಂದಲೇ ಕೇಳಿದಳು.

"ತಿನ್ನೋದನ್ನ ವರ್ಷಗಟ್ಲೆ ಮ್ಯಾಲ ಕೂಡ್ಸಿ ಕೆಳಗ ಕುಂತು ಕಾಯ್ತೀರಲ್ರಿ. ಹಸಿವು ಆದೋರು ಏನ್ ಮಾಡ್ಬೇಕ್ರಿ?"

"ಹಸಿವಾದೋರು ಮುದ್ದೆ ತಿಂತಾರೆ. ಕೊಬ್ಬರಿ ಇರೋದು ಕಾಯೋಕೆ ಬುಡು," ಅಂದೆ. ಇಬ್ಬರೂ ನಕ್ಕೆವು.

ಕಾಯುವುದು ನಮಗೆ ರಕ್ತದಲ್ಲೇ ಬಂದದ್ದು. ಹಸಿ ಕಾಯಿ ಮಾರುವುದು ಅಂದರೆ ನಮ್ಮಲ್ಲಿ ಸ್ವಲ್ಪ ಅವಮಾನದ ಕೆಲಸ. "ಹಸಿ ಕಾಯಿ ಮಾರ್ತಾ ಅವ್ರೆ ಅಂದ್ರೆ ಆ ಮನೇಲಿ ಒಲೆ ಹೊತ್ತಿಲ್ಲ ಅಂತ ತಿಳ್ಕೊ," ಅಂತ ನಮ್ಮತ್ತೆ ಹೇಳುತ್ತಿದ್ದರು. ಅಟ್ಟ ತುಂಬಿರುವ ಮನೆಗೆ ಹೆಣ್ಣು ಕೊಡುತ್ತಿದ್ದರು. ನನ್ನನ್ನು ಕೊಟ್ಟದ್ದೂ ಹಾಗೆಯೇ. ನಮ್ಮಪ್ಪ ಗಂಡಿನ ಮುಖ ನೋಡುವುದಕ್ಕೆ ಮೊದಲು ತಲೆ ಎತ್ತಿ ಅಟ್ಟ ನೋಡಿದ್ದರಂತೆ.

ರಾಯಚೂರಿನ ಕಡೆ ಊರಿನಲ್ಲಿ ಅವಳ ಮಾವ ತೀರಿಕೊಂಡರು. ಅತ್ತೆ ಒಬ್ಬರೇ ಆದರು ಅಂತ ಇವರು ಹೊರಟು ನಿಂತರು. ಬಸ್ಸು ಬರುವ ತನಕ ಇಬ್ಬರೂ ರಸ್ತೆ ಬದಿಯಲ್ಲಿ ಬೇಡದ ಮಾತೆಲ್ಲ ಆಡಿದೆವು. ಯಾವ ಹಸು ಯಾವಾಗ ಕರು ಹಾಕುತ್ತದೆ, ಹಾಲಿಗೆ ಯಾರು ಬರುತ್ತಾರೆ, ಇಂಥವು. ಬಸ್ಸು ಹೊರಟ ಮೇಲೆ ಅಳು ಬಂತು. ಅಂದು ಸಂಜೆ ತೋಟಕ್ಕೆ ಹೋದರೆ ಶೆಡ್ಡಿನಲ್ಲಿ ಸದ್ದಿಲ್ಲ. ರೊಟ್ಟಿ ಬಡಿಯುವ ಸದ್ದು ನನಗೆ ಅಷ್ಟು ಬೇಕಾಗಿತ್ತು ಅಂತ ಅದು ನಿಂತ ಮೇಲೆ ಗೊತ್ತಾಯಿತು.

ಭಾನುವಾರ ಭಾನುವಾರ ಫೋನು ಮಾಡುತ್ತಿದ್ದಳು. ಮಾತೆಲ್ಲ ನಮ್ಮ ಹಸುಗಳದೇ. ಆಮೇಲೆ ಆ ವರ್ಷ ಮಳೆ ಕೈಕೊಟ್ಟಿತು. ನಮ್ಮಲ್ಲೂ ಕಡಿಮೆಯೇ, ಆದರೆ ಬೋರು ಕೈಬಿಡಲಿಲ್ಲ. ಅಲ್ಲಿ ಬೋರೂ ಇಲ್ಲ, ನಾಲೆಯೂ ಇಲ್ಲ. ಅವಳು ಗೋಳು ಹೇಳಿಕೊಳ್ಳುವವಳಲ್ಲ. ಮಾತಿನ ನಡುವೆ ಒಂದೊಂದೇ ಜಾರುತ್ತಿತ್ತು.

"ಬಿತ್ತಿದ್ದು ಮೊಳಕಿ ಒಡದು ಹಂಗ ಸುಟ್ಟು ಹೋತ್ರಿ."

ಇನ್ನೊಂದು ವಾರ, "ಊರಾಗ ಗಂಡಸ್ರ ಇಲ್ರಿ. ಎಲ್ಲಾರೂ ಗುಳೆ ಹೋಗ್ಯಾರ. ನಮ್ಮನಿಯವರೂ ಬೆಂಗಳೂರಿಗೆ ಗಾರಿ ಕೆಲಸಕ್ಕ ಹೋದ್ರು."

ಅದರ ಮುಂದಿನ ವಾರ ನಾನು, ಇವತ್ತು ಎಷ್ಟು ರೊಟ್ಟಿ ಬಡಿದೆ ಅಂತ ತಮಾಷೆಗೆ ಕೇಳಿದೆ. "ಈಗ ಒಂದ ಹೊತ್ತು ಮಾಡತೀನ್ರಿ," ಅಂದಳು. ಕೂತರೆ ಹನ್ನೆರಡು ರೊಟ್ಟಿ ಬಡಿದು ಏಳುತ್ತಿದ್ದವಳು. ಫೋನಿಟ್ಟ ಮೇಲೆ ನನಗೆ ಅನ್ನ ಸೇರಲಿಲ್ಲ.

ಮಾರನೆಯ ದಿನವೇ ಸೆರಗು ಸಿಕ್ಕಿಸಿಕೊಂಡು, ಅವಳ ಊರಿಗೆ ಏನಾದರೂ ಕಳಿಸೋಣ ಅಂತ ಮನೆಮನೆ ಕೇಳಲು ಹೊರಟೆ. ಅವಳು ಇಲ್ಲಿದ್ದಾಗ ರೊಟ್ಟಿ ಹಿಡಿದು ನಗುತ್ತಿದ್ದ ಒಂದು ಫೋಟೋ ನನ್ನ ಫೋನಿನಲ್ಲಿತ್ತು. ಅದನ್ನು ಎಲ್ಲರಿಗೂ ಕಳಿಸಿದೆ. ಊರಿನವರು ಸೇರಿ ಬರ ಪರಿಹಾರ ಸಮಿತಿ ಅಂತ ಮಾಡಿ, ಅದೇ ಫೋಟೋ ಹಾಕಿ ಫ್ಲೆಕ್ಸ್ ಕಟ್ಟಿಸಿದರು. ದೊಡ್ಡ ತೋಟದ ಯಜಮಾನರು ಅದಕ್ಕೆ ಹಿರಿಯರಾದರು. ನಮ್ಮ ಜನರ ಜೇಬಿನಿಂದ ದುಡ್ಡು ಹೊರಡುವುದು ಕಷ್ಟ, ಕಾಯಿಯಾದರೆ ಕೈ ಧಾರಾಳ. ಪ್ರತಿ ಮನೆಯವರೂ ಕೊಟ್ಟರು. ಅವಳ ಕೈಯ ರೊಟ್ಟಿ ಒಂದು ಸಲವಾದರೂ ತಿನ್ನದ ಮನೆ ಊರಿನಲ್ಲಿ ಇರಲಿಲ್ಲ. ಇದ್ದ ಆರು ಮರದಲ್ಲಿ ಎರಡು ಮರದ ಫಸಲು ಕೊಟ್ಟ ಮುದುಕಿಯೂ ಇದ್ದಳು. ನಾಲ್ಕು ದಿನದಲ್ಲಿ ಯಜಮಾನರ ಅಂಗಳದಲ್ಲಿ ಆಳೆತ್ತರದ ರಾಶಿ ಬಿತ್ತು.

ತುರುವೇಕೆರೆಯ ಸಾಹೇಬರೊಬ್ಬರು ನಮ್ಮೂರಿನ ಲೋಡುಗಳನ್ನೆಲ್ಲ ಸಾಗಿಸುವವರು. ಸ್ವಂತ ಲಾರಿ, ಸ್ವಂತ ಡ್ರೈವಿಂಗು. ವಿಷಯ ಕೇಳಿದವರೇ ಬಾಡಿಗೆ ಬೇಡ, ಡೀಸೆಲ್ ಹಾಕಿಸಿದರೆ ಸಾಕು ಅಂದಿದ್ದರು. ಐದನೇ ದಿನ ಬೆಳಿಗ್ಗೆ ಲಾರಿ ತಂದು ಅಂಗಳಕ್ಕೆ ಹಿಮ್ಮುಖ ಹೊಡೆದು ನಿಲ್ಲಿಸಿದರು. ದಾರಿಯಲ್ಲಿ ಕಾಯಿ ಮಾರಿ, ಅದರಲ್ಲೇ ಜೋಳ ಕೊಂಡು ಅವಳ ಊರಿಗೆ ಇಳಿಸುವುದು ಅಂತ ಮಾತಾಗಿತ್ತು. ಅವಳ ಊರಿನ ಹೆಸರು, ದಾರಿ, ಫೋನ್ ನಂಬರು ಎಲ್ಲ ನಾನೇ ಒಂದು ಚೀಟಿಯಲ್ಲಿ ಬರೆದು ಅವರ ಕೈಗೆ ಕೊಟ್ಟೆ.

"ಒಂದು ಮಾತು ಹೇಳ್ಬುಡ್ತೀನಿ ಅಕ್ಕಾ," ಅಂದರು ಸಾಹೇಬರು. "ಹಸಿ ಕಾಯಿ ರೇಟು ಈ ವಾರ ನೆಲ ಕಚ್ಚೈತೆ. ಆದ್ರೂ ಪರವಾಗಿಲ್ಲ, ಆ ಊರಿಗೆ ಒಂದು ತಿಂಗಳ ಜೋಳಕ್ಕೆ ಮೋಸ ಇಲ್ಲ."

ಎಷ್ಟು ರೇಟು ಅಂತ ಯಾರೋ ಕೇಳಿದರು. ಅವರು ಹೇಳಿದರು. ಅಂಗಳದಲ್ಲಿದ್ದವರ ಮುಖವೆಲ್ಲ ಹುಳಿ ಕಚ್ಚಿದಂತಾಯಿತು. ಆಗ ಒಂದು ಬಾಯಿ ತೆರೆಯಿತು. ಆ ಬಾಯಿ ನನ್ನದು.

"ಇಷ್ಟಕ್ಕೆ ಯಾಕ್ರೀ ಕೊಡ್ಬೇಕು? ಅಟ್ಟಕ್ಕೆ ಹಾಕಣ. ಕೊಬ್ಬರಿ ಆದ್ಮೇಲೆ ಮಾರಿದ್ರೆ ಮೂರರಷ್ಟು ಬತ್ತದೆ. ಮೂರರಷ್ಟು ಜೋಳ ಕಳಿಸ್ಬೋದು."

ಅವತ್ತು ಎಷ್ಟು ಜಾಣತನದ ಮಾತು ಅನ್ನಿಸಿತ್ತು! ಯಜಮಾನರು ತೊಡೆ ತಟ್ಟಿ, "ಹೆಣ್ಣೆಂಗ್ಸು ಅಂದ್ರೆ ಇದು ಕಣ್ರಪ್ಪ," ಅಂದರು. ಎಲ್ಲರೂ ಹೌದು ಹೌದು ಅಂದರು. ನಾನು ಹಿಗ್ಗಿಹೋದೆ. ಅಷ್ಟು ಜನರಲ್ಲಿ ತಕರಾರು ತೆಗೆದವರು ಸಾಹೇಬರೊಬ್ಬರೇ.

"ಅವ್ರಿಗೆ ಹೊಟ್ಟೆ ಈಗ ಹಸೀತಾ ಐತಲ್ಲಕ್ಕಾ?"

"ನೀನು ಲಾರಿ ಓಡ್ಸೋನು ಕಣಪ್ಪ. ಕಾಯಿ ವಿಷ್ಯ ನಿಂಗೇನು ಗೊತ್ತು?" ಅಂದು ಯಜಮಾನರು ನಕ್ಕರು. ಸಾಹೇಬರು ನನ್ನ ಕಡೆ ನೋಡಿದರು. ನಾನೂ ನಕ್ಕೆ. ಅವರು ಚೀಟಿಯನ್ನು ಮಡಚಿ, ಮುಂದಿನ ಗಾಜಿನ ಮೇಲ್ಗಡೆ ಸಿಕ್ಕಿಸಿಕೊಂಡು, ಖಾಲಿ ಲಾರಿ ತೆಗೆದುಕೊಂಡು ಹೋದರು. ಮಧ್ಯಾಹ್ನದ ಹೊತ್ತಿಗೆ ರಾಶಿಯೆಲ್ಲ ಯಜಮಾನರ ಅಟ್ಟ ಸೇರಿತ್ತು. ಕೈಯಿಂದ ಕೈಗೆ ಕಾಯಿ ದಾಟಿಸುವ ಸಾಲಿನಲ್ಲಿ ನಾನೂ ನಿಂತಿದ್ದೆ.

ನಾವು ಕೆಟ್ಟವರಾಗಿರಲಿಲ್ಲ. ಹೊಟ್ಟೆಯೂ ಕಾಯಿಯ ಹಾಗೆ ಕಾಯುತ್ತದೆ ಅಂದುಕೊಂಡಿದ್ದೆವು, ಅಷ್ಟೇ.

ಆ ಭಾನುವಾರ ಅವಳಿಗೆ ಹೇಳಿದೆ. "ಊರೋರೆಲ್ಲ ಕಾಯಿ ಕೊಟ್ಟವ್ರೆ ಕಣೇ. ಜೋಳ ಕಳಿಸ್ತೀವಿ. ಸ್ವಲ್ಪ ತಡಿ."

"ಹೌದೇನ್ರಿ?" ಅಂದಳು. ಆ ದನಿಯಲ್ಲಿದ್ದ ಸಂತೋಷ ಈಗಲೂ ಕಿವಿಯಲ್ಲಿದೆ. "ನಮ್ಮೂರಾಗ ಎಲ್ಲಾರಿಗೂ ಹೇಳ್ತೀನಿ ತಡೀರಿ."

ಅಟ್ಟದ ವಿಷಯ ಹೇಳಲಿಲ್ಲ. ಹೇಳಲು ಹೊರಟಾಗ ಮೊದಲ ಸಲ ಅದು ಬಾಯಿಗೆ ಬರದ ಮಾತು ಅನ್ನಿಸಿತು. ಮುಂದಿನ ವಾರ, ಅದರ ಮುಂದಿನ ವಾರ "ಕಳಿಸ್ತೀವಿ ಕಣೇ" ಅಂದೆ. ಅವಳು ಒಂದು ಸಲವೂ ತಾನಾಗಿ ಕೇಳಲಿಲ್ಲ. ಹಸು ಹೇಗಿದೆ, ಕರು ಹೇಗಿದೆ, ನಿಮ್ಮ ಮೊಣಕಾಲ ನೋವು ಹೇಗಿದೆ ಅನ್ನುತ್ತಿದ್ದಳು. ಆದರೂ ಈ ಸಲ ಕೇಳುತ್ತಾಳೆ, ಈಗ ಕೇಳುತ್ತಾಳೆ ಅಂತ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಒಂದು ದಿನ ಯಜಮಾನರ ಮನೆಗೆ ಹೋಗಿ, ಇರುವಷ್ಟನ್ನೇ ಮಾರಿಬಿಡೋಣ ಅಂತ ಕೇಳಿಯೂ ಕೇಳಿದೆ. "ಅರ್ಧ ಒಣಗಿದ್ದು ಯಾರು ತಗತಾರಮ್ಮ? ಕಾಯಿನೂ ಅಲ್ಲ, ಕೊಬ್ಬರಿನೂ ಅಲ್ಲ," ಅಂದರು. ಅದೂ ನಿಜ. ಅಟ್ಟಕ್ಕೆ ಹಾಕಿದ ಮೇಲೆ ನಡುವೆ ಇಳಿಸುವ ಹಾಗಿಲ್ಲ.

ಆಮೇಲೆ ನಾನು ಫೋನು ಎತ್ತುವುದನ್ನೇ ಬಿಟ್ಟೆ. ಭಾನುವಾರ ಸಂಜೆ ಅದು ಅಡುಗೆಮನೆಯ ಗೂಡಿನಲ್ಲಿ ಹೊಡೆದುಕೊಳ್ಳುತ್ತಿತ್ತು. ನಾನು ಒಲೆಯ ಮುಂದೆ ಕೂತು ಎಣಿಸುತ್ತಿದ್ದೆ. ಅವಳ ದನಿ ಕೇಳಬೇಕು ಅಂತ ಜೀವ ಎಷ್ಟು ಎಳೆಯುತ್ತಿತ್ತೋ, ಎತ್ತಲು ಅಷ್ಟೇ ಹೆದರಿಕೆ. ಒಂದು ಭಾನುವಾರ ಅದು ಹೊಡೆದುಕೊಳ್ಳಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಸದ್ಯ, ನಾನು ಬದುಕಿಕೊಂಡೆ ಅಂತ ಅವತ್ತು ಅಂದುಕೊಂಡೆ. ಆಮೇಲೆ ಆ ಸಂಜೆಗಳಲ್ಲಿ ಗೂಡಿನ ಕಡೆ ನೋಡುತ್ತ ಕೂತು, ಒಂದೇ ಒಂದು ಸಲ ಹೊಡೆಯಬಾರದೇ ಅಂತ ಹಂಬಲಿಸಿದ್ದಕ್ಕೆ ಲೆಕ್ಕವಿಲ್ಲ. ನಾನೇ ಮಾಡಬಹುದಿತ್ತಲ್ಲ ಅಂತ ನೀವು ಕೇಳಬಹುದು. ಯಾವ ಮುಖ ಇಟ್ಟುಕೊಂಡು ಮಾಡಲಿ?

ವರ್ಷ ತುಂಬಿತು. ಕಾಯಿ ಲೊಡಲೊಡ ಅಂದವು. ಅಷ್ಟರಲ್ಲಿ ಕೊಬ್ಬರಿ ಬೆಲೆ ಏರತೊಡಗಿತು. ಇನ್ನೊಂದು ವಾರ ನೋಡೋಣ ಅಂದರು, ಇನ್ನೊಂದು ತಿಂಗಳು ನೋಡೋಣ ಅಂದರು. ಅಂತೂ ಸುಲಿಸಿ, ತಿಪಟೂರಿನ ಮಂಡಿಗೆ ಹಾಕಿ, ಯಾರೂ ಕನಸಿನಲ್ಲಿ ಕಾಣದಂಥ ಬೆಲೆಗೆ ಮಾರಿ ಬಂದ ದಿನ ಟೀವಿಯಲ್ಲಿ ರಾಯಚೂರಿನ ಕಡೆಯ ಹೊಳೆಗಳು ತುಂಬಿ ಹರಿಯುತ್ತಿದ್ದವು.

"ಬರವೇ ಇಲ್ವಲ್ಲಪ್ಪ ಈಗ. ಯಾರಿಗೆ ಅಂತ ಕೊಡೋದು?" ಅಂದರು ಯಜಮಾನರು, ಸಮಿತಿ ಸೇರಿದಾಗ. ದುಡ್ಡು ಸುಮ್ಮನೆ ಕೊಳೆಯಬಾರದು, ಊರಿನ ಸಮುದಾಯ ಭವನಕ್ಕೆ ಊಟದ ಮನೆ ಇಲ್ಲ, ಮದುವೆ ಮುಂಜಿಗಳಿಗೆ ಜನ ಬಿಸಿಲಲ್ಲಿ ಕೂತು ಉಣ್ಣುತ್ತಾರೆ, ಅದನ್ನು ಕಟ್ಟಿಸೋಣ ಅಂದರು.

ನಾನು ಎದ್ದು ನಿಂತೆ. "ಇದು ಅವ್ಳ ಮುಖ ತೋರ್ಸಿ ಎತ್ತಿದ ಕಾಯಿ. ಈಗ್ಲೂ ಅವ್ರಿಗೇ ಹೋಗ್ಬೇಕು. ನಾವು ಉಂಡ್ರೆ ಪಾಪ ಸುತ್ತಕಂತದೆ," ಅಂದೆ. ದನಿ ಜೋರಾಗಿಯೇ ಇತ್ತು.

ಯಜಮಾನರು ಸಿಟ್ಟಾಗಲಿಲ್ಲ. ಬಹಳ ಮೃದುವಾಗಿ ಹೇಳಿದರು. "ಅವತ್ತೇ ಕಳಿಸಕ್ಕೆ ಲಾರಿ ಬಂದು ನಿಂತಿತ್ತು. ಅಟ್ಟಕ್ಕೆ ಹಾಕಣ ಅಂದೋಳು ನೀನೇ ಅಲ್ವೇನಮ್ಮ?"

ಕೂತುಬಿಟ್ಟೆ.

ಊಟದ ಮನೆ ಎದ್ದಿತು. ಕಡಪ ಕಲ್ಲಿನ ಮೇಜು, ಕೈ ತೊಳೆಯಲು ಸಾಲು ನಲ್ಲಿ. ದುಡ್ಡು ಕೊಟ್ಟದ್ದು ಸಮಿತಿಯಾದ್ದರಿಂದ ಪೇಂಟರು ಬಾಗಿಲ ಮೇಲೆ ದೊಡ್ಡದಾಗಿ "ಬರ ಪರಿಹಾರ ಸಮಿತಿ" ಅಂತ ಬರೆದ. ಅದನ್ನು ಅಳಿಸಬೇಕು ಅಂತ ಯಾರಿಗೂ ಅನ್ನಿಸಲಿಲ್ಲ. ಇವತ್ತಿಗೂ ಜನ ಆ ಬೋರ್ಡಿನ ಕೆಳಗೆ ನೂಕಾಡಿ ಮೊದಲ ಪಂಕ್ತಿಗೆ ಕೂರುತ್ತಾರೆ. ಮೊದಲ ಮದುವೆಯಲ್ಲಿ ನಾನೂ ಕೂತೆ. ಒಬ್ಬಟ್ಟಿಗೆ ಕಾಯಿಹಾಲು ಬಡಿಸಿದರು. ಗಂಟಲಲ್ಲಿ ಇಳಿಯಲಿಲ್ಲ ಅಂತ ಬರೆದರೆ ಓದುವವರಿಗೆ ಸಮಾಧಾನವಾದೀತು. ಇಳಿಯಿತು. ಎರಡನೇ ಸಲ ಹಾಕಿಸಿಕೊಂಡೆ. ಮನೆಗೆ ಬಂದು ಹುಲ್ಲು ಹಿರಿಯಲು ಹೋದಾಗ, ಯಾರೋ ಬಿಚ್ಚಿ ಎಸೆದಿದ್ದ ಆ ಫ್ಲೆಕ್ಸನ್ನು ನಮ್ಮ ಮನೆಯವರು ಮೆದೆಗೆ ಹೊದಿಸಿದ್ದರು. ಅವಳು ರೊಟ್ಟಿ ಹಿಡಿದು ನಗುತ್ತಿದ್ದಳು. ಮೂಲೆ ಎತ್ತುವಾಗ ಬೇರೆ ಕಡೆ ನೋಡಲು ಶುರು ಮಾಡಿದ್ದು ಅವತ್ತೇ.

ಈ ಮಂಗಳವಾರ ಮಧ್ಯಾಹ್ನ ಸಾಹೇಬರ ಲಾರಿ ನಮ್ಮ ಮನೆಯ ಮುಂದೆ ನಿಂತಿತು. ಇಳಿದು ಬಂದವರ ಹೆಗಲ ಮೇಲೆ ಅರ್ಧ ಮೂಟೆ ಇತ್ತು. ಜಗಲಿಯ ಮೇಲೆ ಇಳಿಸಿ, ಟವೆಲ್ಲಿನಿಂದ ಮುಖ ಒರೆಸಿಕೊಂಡರು.

"ಆ ಕಡೆ ಬಾಡಿಗೆ ಹೋಗಿದ್ದೆ ಅಕ್ಕಾ. ನೀವು ಕೊಟ್ಟಿದ್ ಚೀಟಿ ಗಾಡೀಲೇ ಇತ್ತು. ಒಂದ್ಸಲ ನೋಡ್ಕಂಡೇ ಬರಣ ಅಂತ ಊರು ಹುಡುಕ್ಕಂಡು ಹೋದೆ. ನಿಮ್ಮ ರೊಟ್ಟಿಯವಳು ಕೊಟ್ಟು ಕಳ್ಸಿದ್ದು. ಹೊಸ ಜೋಳ."

ಹೇಗಿದ್ದಾಳೆ ಅಂತ ಅವರೇ ಹೇಳಿದರು. ಈ ಸಲ ಬೆಳೆ ಚೆನ್ನಾಗಿದೆಯಂತೆ. ಬರದ ವರ್ಷ ಮಾತ್ರ ಅವಳೂ ಗುಳೆ ಹೋಗಿ, ಗಂಡನ ಜೊತೆ ಗಾರೆ ಕೆಲಸ ಮಾಡಿ, ಮಳೆ ಬಿದ್ದ ಮೇಲೆ ತಿರುಗಿ ಬಂದಳಂತೆ. ಇವರ ಲಾರಿ ಊರೊಳಗೆ ಹೋದಾಗ ಕಟ್ಟೆಯ ಮೇಲೆ ಕೂತಿದ್ದ ಒಬ್ಬ ಮುದುಕಿ ಎದ್ದು ಬಂದು ಲಾರಿಯ ಹಿಂದೆ ಇಣುಕಿ ನೋಡಿದಳಂತೆ.

"ಇದು ಆ ಕಾಯಿ ಊರಿನ ಲಾರಿ ಏನಪ್ಪಾ ಅಂತ ಕೇಳಿದ್ಲು ಅಕ್ಕಾ," ಅಂದರು ಸಾಹೇಬರು. ನನ್ನ ಮುಖ ನೋಡಲಿಲ್ಲ. ನೀರು ಕುಡಿದು ಎದ್ದರು. ಗುರುವಾರ ಮತ್ತೆ ಆ ಕಡೆ ಬಾಡಿಗೆ ಇದೆ, ಅವಳಿಗೆ ಏನಾದರೂ ಹೇಳುವುದಿದ್ದರೆ ಹೇಳಿ ಅಂದು ಹೋದರು.

ಮೂಟೆ ಬಿಚ್ಚಿ ಕೈ ಹಾಕಿದೆ. ಕಾಳು ತಣ್ಣಗಿತ್ತು. ಎಷ್ಟೋ ಹೊತ್ತು ಹಾಗೇ ಕೈ ಹುದುಗಿಸಿಕೊಂಡು ಕೂತಿದ್ದೆ. ಆಮೇಲೆ ಫೋನು ತೆಗೆದುಕೊಂಡೆ. ಎರಡನೇ ರಿಂಗಿಗೆ ಎತ್ತಿದಳು.

"ಅಕ್ಕಾರ, ಜೋಳ ಮುಟ್ಟಿತೇನ್ರಿ?"

ನಾನು ಅವಳನ್ನು ಕೇಳಬೇಕಾಗಿದ್ದ ಮಾತು ಅದು.

"ಮುಟ್ಟಿತು ಕಣೇ," ಅಂದೆ. ಆಮೇಲೆ ತಡೆಯಲಾರದೆ, "ನಾವು ಕಾಯಿ ಕಳಿಸ್ಲಿಲ್ಲ ಕಣೇ," ಅಂದೆ.

"ಗೊತ್ತೈತ್ರಿ."

"ಏನು ಗೊತ್ತು ನಿಂಗೆ?"

"ಅಟ್ಟಕ್ಕ ಹಾಕಿರ್ತೀರಿ ಅಂತ ಅವಾಗ ಅನ್ಕೊಂಡೆ. ಮೂರು ವರ್ಷ ನಿಮ್ಮನ್ಯಾಗ ಇದ್ದೀನಲ್ರಿ. ಇನ್ನ ವರ್ಷ ಆಗತೈತಿ ಅಂತ ನಾನೂ ಗುಳೆ ಹೋದೆ."

ಬೈದಿದ್ದರೆ ಎದುರುತ್ತರ ಕೊಡುತ್ತಿದ್ದೆ, ನನ್ನ ಬಾಯಿ ಅಂಥದ್ದು. ಅವಳು ಬೈಯಲಿಲ್ಲ. ದನಿಯಲ್ಲಿ ಕೊಂಕೂ ಇರಲಿಲ್ಲ.

"ಮತ್ತೆ ವಾರವಾರ ಯಾಕೆ ಫೋನ್ ಮಾಡ್ತಿದ್ದೆ?"

"ಮಾತಾಡಾಕ್ರಿ. ಮತ್ಯಾಕ?"

ನಾನು ಅತ್ತೆ. ಬಾಯಿಗೆ ಸೆರಗು ಇಟ್ಟುಕೊಂಡರೂ ಅವಳಿಗೆ ಕೇಳಿಸಿತು ಅಂತ ಕಾಣುತ್ತದೆ. "ಒಂದ್ಸಲ ಬಂದು ಹೋಗೇ, ನಿನ್ನ ನೋಡ್ಬೇಕು ಅನ್ನಿಸ್ತದೆ," ಅಂದೆ.

"ಈ ಸಲ ನೀವ ಬರ್ರಿ ಅಕ್ಕಾರ. ರೊಟ್ಟಿ ಮಾಡಿ ಹಾಕತೀನಿ. ಬರೋವಾಗ ಕಾಯಿ ತರ್ರಿ. ಹಸೀವ ತರ್ರಿ."

ಫೋನಿಟ್ಟು, ನಾಳೆ ಬೆಳಿಗ್ಗೆಯೇ ದೋಟಿಯವನನ್ನು ಕರೆಸಿ ಕಾಯಿ ಕೆಡವಿಸಿ ಅಂತ ಮನೆಯವರಿಗೆ ಹೇಳಿದೆ. "ಕೆಡವೋ ಸರದಿ ಇನ್ನೂ ಬಂದಿಲ್ಲ ಕಣೇ. ಒಂದು ಹದಿನೈದು ದಿನ ತಡ್ಕೊಂಡ್ರೆ..." ಅಂದವರು ನನ್ನ ಮುಖ ನೋಡಿ ಮಾತು ಅಲ್ಲಿಗೇ ನಿಲ್ಲಿಸಿ ಚಪ್ಪಲಿ ಮೆಟ್ಟಿಕೊಂಡು ಹೋದರು. ಸಾಹೇಬರಿಗೂ ಫೋನು ಮಾಡಿ ಹೇಳಿದೆ, ಗುರುವಾರ ಲಾರಿಯಲ್ಲಿ ಮುಂದಿನ ಸೀಟು ಒಂದು ನನಗಿರಲಿ ಅಂತ.

ಇವತ್ತು ಬುಧವಾರ. ಕಾಯಿ ಬಿದ್ದು ಅಂಗಳದಲ್ಲಿ ರಾಶಿಯಾಗಿದೆ. ಅಟ್ಟದ ಏಣಿಯನ್ನು ನಾನೇ ಎಳೆದುಕೊಂಡು ಹೋಗಿ ಕೊಟ್ಟಿಗೆಯ ಹಿಂದೆ ಬಚ್ಚಿಟ್ಟು ಬಂದಿದ್ದೇನೆ. ನಮ್ಮ ಜನ, ಅಭ್ಯಾಸಬಲದಲ್ಲಿ ಮೇಲಕ್ಕೆ ಹಾಕಿಬಿಟ್ಟಾರು.